ಬಣವಿಯ ಲೆಕ್ಕ: ಬೇಸಿಗೆಯಲ್ಲಿ ಹೈನದ ಆಕಳಿಗೆ ಮೇವು

ತರಗತಿ: 7 ಮತ್ತು 8
ವಿಷಯಗಳು: ಸಾಮಾನ್ಯ ವಿಜ್ಞಾನ, ಗಣಿತ, ಕನ್ನಡ
ಅವಧಿ: ನಾಲ್ಕು ತಾಸುಗಳು
ಪಾಠ ಮಾಡಬೇಕಾದ ಕಾಲ: ಫೆಬ್ರವರಿ ಕೊನೆಯ ವಾರ ಅಥವಾ ಮಾರ್ಚ್ ಮೊದಲ ವಾರ

ಪಾಠದ ಉದ್ದೇಶಗಳು

1. ಮೇವಿನ ತೂಕಕ್ಕೂ ಅದರಲ್ಲಿರುವ ಒಣಾಂಶಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಯು ತಿಳಿಯುವನು.
2. ಹೊಟ್ಟೆ ತುಂಬಿದ ಆಕಳೂ ಹಸಿದಿರಬಹುದೆಂಬುದನ್ನು ಕಾರಣಸಹಿತ ವಿವರಿಸುವನು.
3. ಮನೆಯ ಬಣವಿಯಲ್ಲಿರುವ ಮೇವು ಯಾವ ದಿನಾಂಕದವರೆಗೆ ಸಾಕಾಗುವುದೆಂದು ಲೆಕ್ಕ ಹಾಕುವನು.
4. ಮೇವಿಗೆ ಸಂಬಂಧಿಸಿದ ಮನೆಮಾತಿನ, ಪಠ್ಯದ ಹಾಗೂ ಮರಾಠಿಯ ಪದಗಳನ್ನು ಪರಸ್ಪರ ಹೊಂದಿಸಿ ಓದುವನು.

ಪೀಠಿಕೆ

ಜತ್ತ, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಸೀಮೆಯು ಮಳೆಯ ನೆರಳಿನಲ್ಲಿರುವ ಪ್ರದೇಶ. ಇಲ್ಲಿ ಮುಂಗಾರಿಗಿಂತ ಹಿಂಗಾರಿ ಜೋಳವೇ ಮನೆಯ ಮುಖ್ಯ ಆಧಾರ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಮಾಲದಂಡಿ ಜೋಳವು ಹೋಳಿ ಹುಣ್ಣಿಮೆಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಾಳು ಮನೆಯವರಿಗೆ, ಕಣಕಿ ದನಗಳಿಗೆ. ಈ ಕಣಕಿಯ ಬಣವಿಯೇ ಮುಂದಿನ ನಾಲ್ಕೂವರೆ ತಿಂಗಳು ಕೊಟ್ಟಿಗೆಯನ್ನು ನಡೆಸಬೇಕು. ಮಿರಗ ಕೂಡಿದ ಕೂಡಲೇ ಮೇವು ಬಂದಿತೆಂದು ಅನೇಕರು ಎಣಿಸುವರು. ಆದರೆ ಜೂನ್ ಮೊದಲ ಪಕ್ಷದಲ್ಲಿ ಮಳೆ ಬಿದ್ದರೂ ಬದುವಿನ ಹುಲ್ಲು ಕುಡುಗೋಲಿಗೆ ಸಿಗುವಷ್ಟು ಬೆಳೆಯಲು ಇನ್ನೂ ನಾಲ್ಕೈದು ವಾರಗಳು ಬೇಕು. ಆದುದರಿಂದ ನಮ್ಮ ಲೆಕ್ಕವು ಜುಲೈ 15ರವರೆಗೆ ಇರಬೇಕು.

ಬಣವಿ ತೀರುವುದಕ್ಕೂ ಹಸಿರು ಹುಲ್ಲು ಬರುವುದಕ್ಕೂ ನಡುವೆ ಉಳಿಯುವ ಆ ಮೂರು ನಾಲ್ಕು ವಾರಗಳಲ್ಲಿಯೇ ಸಣ್ಣ ರೈತನ ಆಕಳು ಸಂತೆಗೆ ಹೋಗುವುದು. ಆಗ ಎಲ್ಲರೂ ಮಾರುವವರೇ ಆಗಿರುವುದರಿಂದ ಬೆಲೆ ಬಿದ್ದಿರುತ್ತದೆ. ಅದೇ ಆಕಳನ್ನು ದೀಪಾವಳಿಯ ಹೊತ್ತಿಗೆ ಮರಳಿ ಕೊಳ್ಳಬೇಕೆಂದರೆ ಮಾರಿದ ಬೆಲೆಗೆ ಸಿಗದು. 2012-13 ಮತ್ತು 2018-19ರ ಬರಗಾಲಗಳಲ್ಲಿ ಸರಕಾರವು ಜಾನುವಾರು ಛಾವಣಿಗಳನ್ನು ತೆರೆಯಬೇಕಾಗಿ ಬಂದಿತ್ತು. ಅಂತಹ ವರ್ಷಗಳಲ್ಲಿ ಯಾವ ಲೆಕ್ಕವೂ ಸಾಲದಾಗಬಹುದು. ಆದರೆ ಸಾಧಾರಣ ವರ್ಷಗಳಲ್ಲಿ ಆಕಳು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಮಾರ್ಚ್ ತಿಂಗಳಲ್ಲಿ ಮಾಡಿದ ಅಥವಾ ಮಾಡದೆ ಬಿಟ್ಟ ಲೆಕ್ಕವನ್ನು ಅವಲಂಬಿಸಿದೆ. ಜೂನ್ ತಿಂಗಳಲ್ಲಿ ಮೇವು ಸಾಲದೆಂದು ತಿಳಿದರೆ ಉಪಾಯ ಕಡಿಮೆ. ಮಾರ್ಚ್ ತಿಂಗಳಲ್ಲಿ ತಿಳಿದರೆ ಉಪಾಯ ಹಲವು. ಆ ಲೆಕ್ಕಕ್ಕೆ ಬೇಕಾದ ಗಣಿತವು ಏಳನೆಯ ತರಗತಿಯ ವಿದ್ಯಾರ್ಥಿಗೆ ಬಂದೇ ಇರುತ್ತದೆ.

ವಿಷಯ ವಿವರಣೆ

ಅ) ಆಕಳ ಹೊಟ್ಟೆಯಲ್ಲಿ ನಡೆಯುವ ಕೆಲಸ

ಆಕಳ ಜಠರಕ್ಕೆ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಮೊದಲನೆಯದಾದ ರೂಮೆನ್ ಅತಿ ದೊಡ್ಡದು. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮನುಷ್ಯನಿಗೆ ಅರಗದ ನಾರನ್ನು ಈ ಸೂಕ್ಷ್ಮಜೀವಿಗಳು ಒಡೆದು ಆಕಳಿಗೆ ಶಕ್ತಿಯನ್ನು ಒದಗಿಸುತ್ತವೆ. ಆಕಳನ್ನು ಸಾಕುವುದೆಂದರೆ ಮೊದಲು ಅದರ ಹೊಟ್ಟೆಯಲ್ಲಿರುವ ಈ ಜೀವಿಗಳನ್ನು ಸಾಕುವುದು.

ಈ ಜೀವಿಗಳಿಗೆ ನಾರಿನ ಜೊತೆಗೆ ಸಾರಜನಕವೂ ಬೇಕು. ಸಾರಜನಕವು ಮೇವಿನ ಪ್ರೋಟೀನಿನಿಂದ ದೊರೆಯುತ್ತದೆ. ಮೇವಿನ ಒಣಾಂಶದಲ್ಲಿ ಪ್ರೋಟೀನು ಶೇಕಡಾ 7ಕ್ಕಿಂತ ಕಡಿಮೆಯಾದರೆ ಸೂಕ್ಷ್ಮಜೀವಿಗಳ ಸಂಖ್ಯೆ ಇಳಿಯುತ್ತದೆ. ನಾರು ಅರಗುವುದು ನಿಧಾನವಾಗುತ್ತದೆ. ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ. ಹೊಟ್ಟೆ ಖಾಲಿಯಾಗದ ಆಕಳು ಗೋದಲಿಯಲ್ಲಿ ಮೇವಿದ್ದರೂ ತಿನ್ನುವುದಿಲ್ಲ. ಹೊರಗಿನಿಂದ ನೋಡುವವರಿಗೆ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಆದರೆ ಪಕ್ಕೆಲುಬು ಎದ್ದು ಕಾಣತೊಡಗುತ್ತವೆ, ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ.

ಒಂದು ಕಿಲೋ ಒಣಾಂಶದಲ್ಲಿ ದೊರೆಯುವ ಪ್ರೋಟೀನಿನ ಸ್ಥೂಲ ಪ್ರಮಾಣವನ್ನು ಶಿಕ್ಷಕರು ಫಲಕದ ಮೇಲೆ ಬರೆಯಬೇಕು:

ಜೋಳದ ಕಣಕಿ: 30 ರಿಂದ 40 ಗ್ರಾಂ
ಕಬ್ಬಿನ ಸೋಗೆ: ಸುಮಾರು 50 ಗ್ರಾಂ
ಹಸಿರು ಮೆಕ್ಕೆಜೋಳ, ನೇಪಿಯರ್ ಹುಲ್ಲು: ಸುಮಾರು 80 ಗ್ರಾಂ
ಕುದುರೆಮೆಂತೆ: 180 ರಿಂದ 200 ಗ್ರಾಂ
ಶೇಂಗಾ ಹಿಂಡಿ: 400 ಗ್ರಾಂಗಿಂತ ಹೆಚ್ಚು

ಈ ಪಟ್ಟಿಯನ್ನು ಓದಿದ ವಿದ್ಯಾರ್ಥಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯಬೇಕು: ಕಣಕಿಯೊಂದನ್ನೇ ಎಷ್ಟು ಹಾಕಿದರೂ ಶೇಕಡಾ 7ನ್ನು ಮುಟ್ಟಲು ಸಾಧ್ಯವಿಲ್ಲ. ಕಣಕಿಗೆ ಜೊತೆ ಬೇಕು. ಆ ಜೊತೆ ದೊಡ್ಡದಾಗಿರಬೇಕಾಗಿಲ್ಲ. 300 ಕಿಲೋ ತೂಕದ, ಹಾಲು ಬತ್ತಿದ ಖಿಲಾರಿ ಆಕಳಿಗೆ ದಿನಕ್ಕೆ ಸುಮಾರು 6 ಕಿಲೋ ಒಣಾಂಶ ಬೇಕು. ಅದರ ಶೇಕಡಾ 7 ಎಂದರೆ 420 ಗ್ರಾಂ ಪ್ರೋಟೀನು. 6 ಕಿಲೋ ಕಣಕಿಯಲ್ಲಿ 5.4 ಕಿಲೋ ಒಣಾಂಶವಿದ್ದು, ಕಿಲೋಗೆ 40 ಗ್ರಾಂನಂತೆ 216 ಗ್ರಾಂ ಪ್ರೋಟೀನು ದೊರೆಯುತ್ತದೆ. ಅರ್ಧ ಕಿಲೋ ಶೇಂಗಾ ಹಿಂಡಿಯಿಂದ ಇನ್ನೂ ಸುಮಾರು 200 ಗ್ರಾಂ ದೊರೆಯುತ್ತದೆ. ಎರಡೂ ಸೇರಿದರೆ ಲೆಕ್ಕವು ಬಹುತೇಕ ಸರಿಹೋಯಿತು. ಆರು ಕಿಲೋ ಕಣಕಿ ಅರಗುವಂತೆ ಮಾಡುವುದು ಆ ಅರ್ಧ ಕಿಲೋ ಹಿಂಡಿ.

ಆ) ಒಣಾಂಶವೆಂದರೇನು?

ಮೇವಿನಲ್ಲಿರುವ ನೀರನ್ನು ತೆಗೆದ ಮೇಲೆ ಉಳಿಯುವುದೇ ಒಣಾಂಶ. ಹತ್ತು ಕಿಲೋ ಕಣಕಿಯಲ್ಲಿ ಸುಮಾರು 9 ಕಿಲೋ ಒಣಾಂಶವಿದ್ದರೆ, ಹತ್ತು ಕಿಲೋ ಹಸಿರು ನೇಪಿಯರ್ ಹುಲ್ಲಿನಲ್ಲಿ ಇರುವುದು ಸುಮಾರು 2 ಕಿಲೋ ಮಾತ್ರ. ಹಸಿರು ಹೊರೆಯ ಭಾರವನ್ನು ನೋಡಿ ಮೋಸಹೋಗಬಾರದು. ಅದರಲ್ಲಿ ಬಹುಭಾಗ ನೀರು. ಹಾಗೆಂದು ಹಸಿರು ಬೇಡವೆಂದಲ್ಲ. ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಹಸಿರು ಮೇವಿನಲ್ಲಿದೆ. ತಿಂಗಳುಗಟ್ಟಲೆ ಒಣಮೇವನ್ನಷ್ಟೇ ತಿಂದ ಆಕಳಿಗೆ ಇರುಳುಗಣ್ಣು ಬರಬಹುದು. ಹುಟ್ಟುವ ಕರು ದುರ್ಬಲವಾಗಬಹುದು.

ಮಿಶ್ರತಳಿಯ ಹಾಲು ಹಿಂಡುವ ಆಕಳಿಗೆ ದೇಹತೂಕದ ಶೇಕಡಾ 3ರಷ್ಟು ಒಣಾಂಶ ಬೇಕು. ಹಾಲಿಲ್ಲದ ನಾಡತಳಿಗೆ ಶೇಕಡಾ 2 ಸಾಕು. ದಾಣಿಯ ವಿಷಯದಲ್ಲಿ ಸಾಮಾನ್ಯ ಸೂತ್ರವಿದು: ಮಿಶ್ರತಳಿಯ ಆಕಳಿಗೆ ದೇಹಪೋಷಣೆಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಗಬ್ಬದ ಆಕಳಿಗೆ ಕೊನೆಯ ಎರಡು ತಿಂಗಳಲ್ಲಿ ದಿನಕ್ಕೆ ಇನ್ನೊಂದು ಕಿಲೋ ಹೆಚ್ಚು ಕೊಡಬೇಕು. ಹಾಲು ಹಿಂಡುವುದಿಲ್ಲವೆಂದು ಗಬ್ಬದ ಆಕಳಿಗೆ ಕಡಿಮೆ ಮಾಡುವ ವಾಡಿಕೆ ಕೆಲವೆಡೆ ಇದೆ. ಅದರ ನಷ್ಟವು ಕರುವಿನಲ್ಲಿಯೂ ಮುಂದಿನ ಹಾಲಿನಲ್ಲಿಯೂ ಕಾಣುತ್ತದೆ.

ಇ) ಮಾದರಿ ಲೆಕ್ಕ

ಒಂದು ಮನೆಯಲ್ಲಿ ದಿನಕ್ಕೆ 8 ಲೀಟರ್ ಹಾಲು ಕೊಡುವ 400 ಕಿಲೋ ತೂಕದ ಮಿಶ್ರತಳಿಯ ಆಕಳು, ಹಾಲು ಬತ್ತಿದ 300 ಕಿಲೋ ತೂಕದ ಖಿಲಾರಿ ಆಕಳು, 100 ಕಿಲೋ ತೂಕದ ಒಂದು ಕರು ಇವೆಯೆಂದು ಇಟ್ಟುಕೊಳ್ಳೋಣ. ದಿನದ ಮೇವು ಹೀಗಾಗುತ್ತದೆ:

ಮಿಶ್ರತಳಿಯ ಆಕಳು: ಕಣಕಿ 6.5 ಕಿಲೋ, ಹಸಿರು ಹುಲ್ಲು 10 ಕಿಲೋ, ದಾಣಿ 4.7 ಕಿಲೋ
ಖಿಲಾರಿ ಆಕಳು: ಕಣಕಿ 6 ಕಿಲೋ, ಹಿಂಡಿ ಅರ್ಧ ಕಿಲೋ
ಕರು: ಕಣಕಿ 2.5 ಕಿಲೋ, ದಾಣಿ 1 ಕಿಲೋ
ಒಟ್ಟು ಕಣಕಿ: ದಿನಕ್ಕೆ 15 ಕಿಲೋ

ಇದು ಹೊಟ್ಟೆಗೆ ಹೋಗಬೇಕಾದ ಕಣಕಿ. ಗೋದಲಿಗೆ ಹಾಕಿದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ಇಡಿಯ ಪೆಂಡಿಯನ್ನು ಹಾಗೆಯೇ ಹಾಕಿದಾಗ ಆಕಳು ಎಲೆಯನ್ನು ತಿಂದು ದಂಟನ್ನು ಬಿಡುತ್ತದೆ, ಕಾಲ ಕೆಳಗೆ ಎಳೆದು ತುಳಿಯುತ್ತದೆ. ಕಾಲು ಭಾಗ ಹೀಗೆ ಹಾಳಾಗುವುದೆಂದು ಹಿಡಿದರೆ 15 ಕಿಲೋ ತಿನ್ನಿಸಲು 20 ಕಿಲೋ ಹಾಕಬೇಕಾಗುತ್ತದೆ. ಕಣಕಿಯನ್ನು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಹಾಕಿದರೆ 16 ಕಿಲೋದಲ್ಲಿ ಅದೇ ಕೆಲಸ ಆಗುತ್ತದೆ.

ಈಗ ಬಣವಿಯಲ್ಲಿ 1,100 ಪೆಂಡಿಗಳಿದ್ದು ಪ್ರತಿ ಪೆಂಡಿಯ ತೂಕ 2 ಕಿಲೋ ಎಂದಿಟ್ಟುಕೊಂಡರೆ ಒಟ್ಟು 2,200 ಕಿಲೋ ಆಯಿತು. ಮಾರ್ಚ್ 1ರಿಂದ ಜುಲೈ 15ರವರೆಗೆ 137 ದಿನಗಳು.

ದಿನಕ್ಕೆ 20 ಕಿಲೋ ಹಾಕಿದರೆ: 2,200 ÷ 20 = 110 ದಿನ. ಬಣವಿಯು ಜೂನ್ 18ಕ್ಕೆ ಮುಗಿಯುತ್ತದೆ.
ದಿನಕ್ಕೆ 16 ಕಿಲೋ ಹಾಕಿದರೆ: 2,200 ÷ 16 = 137.5 ದಿನ. ಬಣವಿಯು ಜುಲೈ 15ರವರೆಗೆ ಬರುತ್ತದೆ.

ಬಣವಿ ಅದೇ, ಆಕಳುಗಳೂ ಅವೇ. ವ್ಯತ್ಯಾಸವಿರುವುದು ಕತ್ತರಿಸುವುದರಲ್ಲಿ ಮಾತ್ರ. ಆದರೆ ಆ ವ್ಯತ್ಯಾಸವು 27 ದಿನಗಳದ್ದು. ಪೀಠಿಕೆಯಲ್ಲಿ ಹೇಳಿದ, ಆಕಳು ಸಂತೆಗೆ ಹೋಗುವ ದಿನಗಳು ಇವೇ. ಈ ಎರಡು ಭಾಗಾಕಾರಗಳನ್ನು ಶಿಕ್ಷಕರು ತಾವೇ ಮಾಡಿ ತೋರಿಸದೆ ವಿದ್ಯಾರ್ಥಿಗಳಿಂದಲೇ ಮಾಡಿಸಿ, ದಿನಾಂಕಗಳನ್ನು ದಿನದರ್ಶಿಕೆಯ ಮೇಲೆ ಗುರುತು ಹಾಕಿಸುವುದು ಉತ್ತಮ.

ಈ) ಲೆಕ್ಕ ಸಾಲದೆ ಬಂದಾಗ

ಮನೆಯ ಲೆಕ್ಕವು ಜುಲೈವರೆಗೆ ಬರದಿದ್ದರೆ ಮಾರ್ಚ್ ತಿಂಗಳಲ್ಲಿ ಮಾಡಬಹುದಾದ ಕೆಲಸಗಳು ಇವು.

ಮೊದಲನೆಯದು, ಕತ್ತರಿಸುವುದು. ಕೈಯಂತ್ರವು ಪ್ರತಿ ಮನೆಯಲ್ಲಿ ಇರಬೇಕಾಗಿಲ್ಲ, ಓಣಿಗೊಂದಿದ್ದರೂ ಸಾಕು.

ಎರಡನೆಯದು, ಸುಗ್ಗಿಯಲ್ಲಿಯೇ ಕೊಳ್ಳುವುದು. ಕಣಕಿಯ ಬೆಲೆ ಕೊಯ್ಲಿನ ಕಾಲದಲ್ಲಿ ಇಳಿದಿದ್ದು ಬೇಸಿಗೆ ಏರಿದಂತೆ ಏರುತ್ತದೆ. ಎಷ್ಟು ಕಿಲೋ ಕೊರತೆಯೆಂದು ತಿಳಿದವನು ಮಾತ್ರ ಅಷ್ಟನ್ನು ಆಗಲೇ ಕೊಳ್ಳಬಲ್ಲನು.

ಮೂರನೆಯದು, ದ್ವಿದಳ ಧಾನ್ಯಗಳ ಹೊಟ್ಟನ್ನು ಕೂಡಿಡುವುದು. ಶೇಂಗಾ, ತೊಗರಿ, ಕಡಲೆಗಳ ಹೊಟ್ಟಿನಲ್ಲಿ ಕಣಕಿಗಿಂತ ಹೆಚ್ಚು ಪ್ರೋಟೀನು ಇದೆ. ಹೊಲದಲ್ಲಿ ಸುಡುವ ಅಥವಾ ಗಾಳಿಗೆ ಬಿಡುವ ಹೊಟ್ಟು ಬೇಸಿಗೆಯಲ್ಲಿ ಹಿಂಡಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಬದುವಿನ ಸುಬಾಬುಲ್ ಸೊಪ್ಪೂ ಪ್ರೋಟೀನಿನಲ್ಲಿ ಸಮೃದ್ಧವಾಗಿದೆ. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಒಟ್ಟು ಮೇವಿನ ಮೂರನೆಯ ಒಂದು ಭಾಗವನ್ನು ಮೀರಬಾರದು.

ನಾಲ್ಕನೆಯದು, ಯೂರಿಯಾ ಉಪಚಾರ. ಕತ್ತರಿಸಿದ 100 ಕಿಲೋ ಕಣಕಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಇಡಬೇಕು. ಯೂರಿಯಾದಿಂದ ಹೊರಡುವ ಅಮೋನಿಯವು ನಾರನ್ನು ಮೆದುಗೊಳಿಸುತ್ತದೆ. ಮೇವಿನ ಪ್ರೋಟೀನ್ ಮಟ್ಟವು ಸುಮಾರು ಎರಡರಷ್ಟಾಗುತ್ತದೆ. ತೆಗೆದ ಮೇವನ್ನು ಹರಡಿ, ಮೂಗಿಗೆ ಹೊಡೆಯುವ ವಾಸನೆ ಹೋದ ಮೇಲೆ, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಆರು ತಿಂಗಳಿಗಿಂತ ಚಿಕ್ಕ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾವನ್ನು ನೇರವಾಗಿ ತಿನ್ನಿಸಿದರೆ ಅಥವಾ ಕರಗಿಸಿದ ನೀರನ್ನು ಆಕಳು ಕುಡಿದರೆ ಪ್ರಾಣಾಪಾಯ. ಈ ಕೆಲಸವನ್ನು ಮಕ್ಕಳಿಂದ ಮಾಡಿಸಕೂಡದು. ಪಶುವೈದ್ಯರ ಅಥವಾ ಪಶುಧನ ಅಧಿಕಾರಿಗಳ ಮಾರ್ಗದರ್ಶನದಲ್ಲಿ ಹಿರಿಯರೇ ಮಾಡಬೇಕು.

ಬಾವಿಯ ನೀರಿರುವವರು ಮುಂದಿನ ವರ್ಷಕ್ಕಾಗಿ ರಸಮೇವನ್ನೂ ಯೋಚಿಸಬಹುದು. ಮೆಕ್ಕೆಜೋಳದ ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಕೊಯ್ದು, ಕತ್ತರಿಸಿ, ಗಾಳಿ ಹೋಗುವಂತೆ ಒತ್ತಿ ತುಂಬಿ ಮುಚ್ಚಿದರೆ ಸುಮಾರು 45 ದಿನಗಳಲ್ಲಿ ಸಿದ್ಧವಾಗುತ್ತದೆ. ಇದನ್ನೇ ಇಲ್ಲಿಯ ಜನ ಮರಾಠಿಯ ಹೆಸರಿನಿಂದ ಮುರಘಾಸ ಎನ್ನುವರು.

ಉ) ನೀರು, ಉಪ್ಪು, ಖನಿಜ

ಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರು. ಎಂಟು ಲೀಟರ್ ಹಾಲು ಕೊಡುವ ಆಕಳಿಗೆ ಬೇಸಿಗೆಯಲ್ಲಿ ದಿನಕ್ಕೆ 70 ರಿಂದ 80 ಲೀಟರ್ ನೀರು ಬೇಕಾಗುತ್ತದೆ. ನೀರು ಕಡಿಮೆಯಾದರೆ ಆಕಳು ಮೇವನ್ನೂ ಕಡಿಮೆ ತಿನ್ನುತ್ತದೆ; ಆ ದಿನವೇ ಹಾಲು ಇಳಿಯುತ್ತದೆ. ಎರಡು ಹೊತ್ತು ಕುಡಿಸುವುದಕ್ಕಿಂತ ನೆರಳಿನಲ್ಲಿ ಸದಾ ನೀರಿರುವಂತೆ ಮಾಡುವುದು ಮೇಲು. ಮೇವನ್ನು ನಸುಕಿನಲ್ಲಿ ಮತ್ತು ಸಂಜೆ ತಂಪಾದ ಮೇಲೆ ಹಾಕಬೇಕು. ನಾರನ್ನು ಅರಗಿಸುವಾಗ ದೇಹದಲ್ಲಿ ಕಾವು ಹುಟ್ಟುವುದರಿಂದ ನಡುಮಧ್ಯಾಹ್ನ ಆಕಳು ಸರಿಯಾಗಿ ತಿನ್ನುವುದಿಲ್ಲ.

ದೊಡ್ಡ ಆಕಳಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಬೇಕು. ಆಕಳು ಬಟ್ಟೆಯನ್ನೋ ಎಲುಬನ್ನೋ ಅಗಿಯುತ್ತಿದ್ದರೆ ಅದು ಕೆಟ್ಟ ಚಾಳಿಯಲ್ಲ; ಹಲವು ಸಲ ರಂಜಕದ ಕೊರತೆಯ ಲಕ್ಷಣ. ಕಬ್ಬಿನ ಕಾರಖಾನೆಗಳ ಕಡೆಯಿಂದ ಬರುವ ಸೋಗೆಯನ್ನು ಬೇಸಿಗೆಯಲ್ಲಿ ಹೇರಳವಾಗಿ ಹಾಕುವರು. ಸೋಗೆಯಲ್ಲಿರುವ ಆಕ್ಸಲೇಟ್ ಎಂಬ ವಸ್ತುವು ಸುಣ್ಣದ ಅಂಶವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಆದುದರಿಂದ ಸೋಗೆಯನ್ನೇ ಪೂರ್ಣ ಮೇವಾಗಿ ಹಾಕದೆ ಬೇರೆ ಮೇವಿನೊಡನೆ ಬೆರೆಸಬೇಕು. ಖನಿಜ ಮಿಶ್ರಣವನ್ನು ತಪ್ಪಿಸಬಾರದು.

ಊ) ಎರಡು ಅಪಾಯಗಳು

ಬರದಲ್ಲಿ ಕುಗ್ಗಿದ ಎಳೆಯ ಜೋಳದಲ್ಲಿಯೂ ಕೊಯ್ದ ಕೂಳೆಯಿಂದ ಹೊರಟ ಚಿಗುರಿನಲ್ಲಿಯೂ ಸಯನೈಡ್ ವಿಷವು ಉಂಟಾಗುತ್ತದೆ. ಮೊದಲ ಮಳೆಗೆ ಚಿಗುರಿದ ಕೂಳೆಯ ಹೊಲಕ್ಕೆ ಹಸಿದ ಆಕಳನ್ನು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಜೋಳವು ಹೂ ಬಿಡುವ ಹಂತಕ್ಕೆ ಬಂದ ಮೇಲೆಯೇ ಹಸಿಯಾಗಿ ಹಾಕಬೇಕು. ಚೆನ್ನಾಗಿ ಒಣಗಿದ ಕಣಕಿಯಿಂದ ಈ ಭಯವಿಲ್ಲ.

ಎರಡನೆಯದು, ಮದುವೆಮನೆಯಲ್ಲಿ ಉಳಿದ ಅನ್ನ, ರೊಟ್ಟಿ, ಹಿಟ್ಟು. ಬೇಸಿಗೆಯು ಮದುವೆಯ ಕಾಲವೂ ಹೌದು. ಹಸಿದ ಆಕಳು ಇವನ್ನು ಒಮ್ಮೆಲೇ ಹೆಚ್ಚು ತಿಂದರೆ ರೂಮೆನ್‌ನಲ್ಲಿ ಆಮ್ಲ ಹೆಚ್ಚಿ ಪ್ರಾಣವೇ ಹೋಗಬಹುದು. ಮೇವಿನಲ್ಲಿ ಯಾವ ಬದಲಾವಣೆಯನ್ನಾದರೂ ಹತ್ತು ಹದಿನೈದು ದಿನಗಳಲ್ಲಿ ಮೆಲ್ಲನೆ ಮಾಡಬೇಕೆಂಬ ನಿಯಮವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ.

ಭಾಷಾ ಚಟುವಟಿಕೆ

ನಮ್ಮ ಮಕ್ಕಳು ಮನೆಯಲ್ಲಿ ಒಂದು ಪದವನ್ನು ಕೇಳುತ್ತಾರೆ, ಪಠ್ಯದಲ್ಲಿ ಇನ್ನೊಂದನ್ನು ಓದುತ್ತಾರೆ, ಪಶುವೈದ್ಯಕೀಯ ದವಾಖಾನೆಯ ಫಲಕದಲ್ಲಿ ಮತ್ತು ದಾಣಿಯ ಚೀಲದ ಮೇಲೆ ಮೂರನೆಯದನ್ನು ಕಾಣುತ್ತಾರೆ. ಈ ಮೂರನ್ನೂ ಹೊಂದಿಸಿಕೊಳ್ಳದ ಮಗುವಿಗೆ ಮಾಹಿತಿಯು ಕಣ್ಣೆದುರಿಗಿದ್ದರೂ ಉಪಯೋಗಕ್ಕೆ ಬಾರದು. ಕೆಳಗಿನ ಜೋಡಿಗಳಿಂದ ಆರಂಭಿಸಿ ಪಟ್ಟಿಯನ್ನು ಮಕ್ಕಳಿಂದಲೇ ಬೆಳೆಸಬೇಕು:

ಕಣಕಿ: ಮರಾಠಿಯಲ್ಲಿ ಕಡಬಾ
ಮೇವು: ಚಾರಾ
ಹಿಂಡಿ: ಪೇಂಡ
ಹತ್ತಿಕಾಳು: ಸರಕಿ
ಕಬ್ಬಿನ ಸೋಗೆ: ವಾಡೆ
ರಸಮೇವು: ಮುರಘಾಸ
ಪ್ರೋಟೀನು: ಪ್ರಥಿನೆ
ಗಬ್ಬದ ಆಕಳು: ಗಾಭಣ ಗಾಯ

ಮಗು ಮನೆಯಿಂದ ತಂದ ಪದವನ್ನು ತಪ್ಪೆಂದು ಅಳಿಸಬಾರದು. ಬಣವಿ ಎಂದು ಬರೆದವನಿಗೆ ಬಣವೆ ಎಂಬ ಗ್ರಂಥರೂಪವನ್ನು ಪಕ್ಕದಲ್ಲಿ ಬರೆಯಿಸಿದರೆ ಸಾಕು. ಸಾಧ್ಯವಾದರೆ ಖಾಲಿ ದಾಣಿಯ ಚೀಲವೊಂದನ್ನು ತರಗತಿಗೆ ತರಿಸಿ, ಅದರ ಮೇಲೆ ಮುದ್ರಿಸಿದ ಪ್ರೋಟೀನಿನ ಪ್ರಮಾಣವನ್ನು ಓದಿಸಬೇಕು. ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಮೊದಲ ದರ್ಜೆಯ ಮಿಶ್ರ ದಾಣಿಯಲ್ಲಿ ಕನಿಷ್ಠ ಶೇಕಡಾ 22, ಎರಡನೆಯ ದರ್ಜೆಯಲ್ಲಿ ಕನಿಷ್ಠ ಶೇಕಡಾ 20 ಪ್ರೋಟೀನು ಇರಬೇಕು.

ಕ್ಷೇತ್ರ ಚಟುವಟಿಕೆ

ನಾಲ್ಕೈದು ವಿದ್ಯಾರ್ಥಿಗಳ ಗುಂಪುಗಳನ್ನು ಮಾಡಿ, ಪ್ರತಿ ಗುಂಪೂ ಒಂದು ಮನೆಯ ಬಣವಿಯ ಲೆಕ್ಕವನ್ನು ತರುವಂತೆ ಹೇಳಬೇಕು. ಹತ್ತು ಪೆಂಡಿಗಳನ್ನು ತೂಗಿ ಸರಾಸರಿ ತೆಗೆಯಬೇಕು, ಪೆಂಡಿಗಳನ್ನು ಎಣಿಸಬೇಕು, ದನಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು, ಒಂದು ರಾತ್ರಿ ಗೋದಲಿಯಲ್ಲಿ ಉಳಿದ ದಂಟನ್ನು ಬೆಳಗ್ಗೆ ತೂಗಬೇಕು. ಮೇಲಿನ ಮಾದರಿಯಲ್ಲಿ ಕಾಲು ಭಾಗ ಹಾಳಾಗುವುದೆಂದು ನಾವು ಇಟ್ಟುಕೊಂಡಿದ್ದೇವೆ. ನಿಜವಾದ ಪ್ರಮಾಣವನ್ನು ಆ ಮನೆಯ ಗೋದಲಿಯೇ ಹೇಳುತ್ತದೆ.

ಶಿಕ್ಷಕರು ಇಲ್ಲಿ ಎಚ್ಚರ ವಹಿಸಬೇಕು. ದನಗಳಿಲ್ಲದ ಮನೆಯ ಮಕ್ಕಳು, ತಂದೆತಾಯಿ ಕಬ್ಬು ಕಡಿಯಲು ಹೋಗಿರುವ ಮಕ್ಕಳು, ಆ ವರ್ಷವೇ ಆಕಳನ್ನು ಮಾರಿದ ಮನೆಯ ಮಕ್ಕಳು ತರಗತಿಯಲ್ಲಿ ಇರುತ್ತಾರೆ. ಯಾರ ಮನೆಯಲ್ಲಿ ಎಷ್ಟು ಮೇವಿದೆಯೆಂದು ಎಲ್ಲರೆದುರು ಓದಿಸಬಾರದು. ಲೆಕ್ಕವನ್ನು ಹೆಸರಿಲ್ಲದೆ ಬರೆಯಿಸಿ, ಪರಿಹಾರವನ್ನು ಗುಂಪಿನಲ್ಲಿ ಚರ್ಚಿಸಬೇಕು. ಹಿರಿಯರಿಗೆ ತಿಳಿಯದುದನ್ನು ಮಕ್ಕಳು ಕಲಿಸಹೊರಟಿದ್ದಾರೆಂಬ ಭಾವವೂ ಬರಬಾರದು. ಕಣಕಿಯ ಗುಣವನ್ನು ಮುಟ್ಟಿ ಹೇಳಬಲ್ಲ ಅಜ್ಜಂದಿರು, ಬೂಸಾ ಎಷ್ಟು ನೆನೆಯಬೇಕೆಂದು ಬಲ್ಲ ಅವ್ವಂದಿರು ಈ ಪಾಠದ ಸಹ ಶಿಕ್ಷಕರು. ಮಗುವು ಅವರಿಗೆ ಕೊಡಬಹುದಾದದ್ದು ಒಂದು ದಿನಾಂಕವನ್ನು ಮಾತ್ರ.

ಮೌಲ್ಯಮಾಪನ

1. ಕಣಕಿಯನ್ನಷ್ಟೇ ತಿನ್ನುವ ಆಕಳ ಗೋದಲಿಯಲ್ಲಿ ಮೇವು ಉಳಿಯುವುದು ಏಕೆ?
2. ಒಂದು ಮನೆಯಲ್ಲಿ 750 ಪೆಂಡಿಗಳಿವೆ. ಪೆಂಡಿಯ ತೂಕ 2 ಕಿಲೋ. ದಿನಕ್ಕೆ 12 ಕಿಲೋ ಕಣಕಿ ಬೇಕು. ಮಾರ್ಚ್ 1ರಿಂದ ಜುಲೈ 15ರವರೆಗೆ ಎಷ್ಟು ಕಿಲೋ ಕೊರತೆಯಾಗುತ್ತದೆ? (ಉತ್ತರ: 137 × 12 = 1,644 ಕಿಲೋ ಬೇಕು; ಇರುವುದು 1,500 ಕಿಲೋ; ಕೊರತೆ 144 ಕಿಲೋ, ಅಂದರೆ 72 ಪೆಂಡಿ.)
3. ಒಂದು ಮನೆಯ ದನಗಳಿಗೆ ದಿನಕ್ಕೆ 130 ಲೀಟರ್ ನೀರು ಬೇಕು. 5,000 ಲೀಟರ್ ನೀರು ಎಷ್ಟು ಪೂರ್ಣ ದಿನಗಳಿಗೆ ಸಾಕು? (ಉತ್ತರ: 38 ದಿನ.)
4. ಕೂಳೆ ಜೋಳದ ಚಿಗುರನ್ನು ದನಗಳಿಗೆ ಮೇಯಿಸಬಾರದೇಕೆ?
5. ನಿಮ್ಮ ಮನೆಯಲ್ಲಿ ಬಳಸುವ, ಪಠ್ಯದಲ್ಲಿಲ್ಲದ ಮೇವಿನ ಐದು ಪದಗಳನ್ನು ಅರ್ಥಸಹಿತ ಬರೆಯಿರಿ.

ಎರಡನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳು ಕಂಡುಕೊಂಡ ಮೇಲೆ ಶಿಕ್ಷಕರು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಈ 72 ಪೆಂಡಿಗಳನ್ನು ಇಂದು ಕೊಂಡರೆ ಎಷ್ಟು ಖರ್ಚು, ಜೂನ್ ತಿಂಗಳಲ್ಲಿ ಕೊಂಡರೆ ಎಷ್ಟು? ಇಂದಿನ ಬೆಲೆಯನ್ನು ಊರಿನಲ್ಲಿ ವಿಚಾರಿಸಿ, ಕಳೆದ ಜೂನ್ ತಿಂಗಳ ಬೆಲೆಯನ್ನು ಹಿರಿಯರಿಂದ ಕೇಳಿ ತಿಳಿದು, ಮರುದಿನ ಉತ್ತರವನ್ನು ತರಲಿ.